ಓದುಗರ ಪ್ರಶ್ನೆ: ಗಾಲಿ ತಿರುಗತ್ತೆ, ಹಡಗು ಮಾತ್ರ ಹೋಗಲ್ಲ!

ಹಳೇ ಪ್ಯಾಡಲ್ ಸ್ಟೀಮರ್‌ಗಳ (ಹಲಗೆ ಗಾಲಿಯಿಂದ ನೀರು ತಳ್ಳಿ ಓಡೋ ಉಗಿಹಡಗುಗಳ) ಮಾಡೆಲ್ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಈ ಸಲ ಉತ್ತರ.

ಪ್ರಶ್ನೆ: ನಮಸ್ಕಾರ ಸರ್. ಇಲ್ಲಿವರೆಗೆ ಪ್ಲಾಸ್ಟಿಕ್ ಕಿಟ್ ಜೋಡಿಸಿ ಶೋಕೇಸಲ್ಲಿ ಇಟ್ಟಿದೀನಿ ಅಷ್ಟೇ. ಈಗ ನೀರಲ್ಲಿ ನಿಜವಾಗ್ಲೂ ಓಡೋ ಒಂದು ಮಾಡ್ಬೇಕು ಅಂತ ಆಸೆ. ಎರಡೂ ಪಕ್ಕ ಗಾಲಿ ಇರೋ ಸ್ಕಾಟ್ಲೆಂಡಿನ ‘ವೇವರ್ಲಿ’ ಮಾಡ್ಲಾ, ಮಿಸಿಸಿಪ್ಪಿ ಸ್ಟೀಮರ್ ಮಾಡ್ಲಾ?

ಉತ್ತರ: ಮೊದಲನೇ ಸಲ ಅಂದ್ರೆ ಹಿಂದುಗಡೆ ಒಂದೇ ಗಾಲಿ ಇರೋ ಸ್ಟರ್ನ್‌ವೀಲರ್ ಹಿಡೀರಿ, ‘ಡೆಲ್ಟಾ ಕ್ವೀನ್’ ಥರದ್ದು. ತಳ ಚಪ್ಪಟೆ, ಹಲ್ (ಹಡಗಿನ ಒಡಲು) ಹೆಚ್ಚುಕಮ್ಮಿ ಡಬ್ಬಿ, ಗಾಲಿಯ ಹಲಗೆಗಳನ್ನ ಅಲುಗಾಡದ ಹಾಗೆ ಕೂರಿಸಿದ್ರೆ ಮುಗೀತು. ಒಂದೇ ಕಷ್ಟ, ಗಾಲಿಯ ಭಾರಕ್ಕೆ ಹಿಂಭಾಗ ಮುಳುಗತ್ತೆ. ನಿಜವಾದ ಹಡಗುಗಳಿಗೂ ಇದೇ ಕಾಟ ಇತ್ತು, ಅದಕ್ಕೇ ಬಾಯ್ಲರ್‌ಗಳನ್ನ ಮುಂದಕ್ಕೆ ಇಡ್ತಿದ್ರು, ಹಲ್ ಬಾಗಬಾರ್ದು ಅಂತ ಡೆಕ್ ಮೇಲಿನ ಕಂಬಗಳ ಮೇಲಿಂದ ಉದ್ದಕ್ಕೂ ಹಾಗ್ ಚೈನ್ ಅನ್ನೋ ಕಬ್ಬಿಣದ ಸರಳು ಎಳೆದು ಬಿಗೀತಿದ್ರು. ನೀವು ಬ್ಯಾಟರಿಯನ್ನ ಬಾಯ್ಲರ್ ಜಾಗದಲ್ಲೇ ಇಡಿ, ಸರಿಹೋಗತ್ತೆ. ಆದ್ರೆ ಮಿಸಿಸಿಪ್ಪಿ ಅಂದ ಮಾತ್ರಕ್ಕೆ ಹಿಂದೇನೇ ಗಾಲಿ ಅನ್ಕೋಬೇಡಿ, 1870ರಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ಸೇಂಟ್ ಲೂಯಿಸ್‌ವರೆಗೆ ರೇಸ್ ಬಿದ್ದ ‘ನ್ಯಾಚೆಜ್’, ‘ರಾಬರ್ಟ್ ಇ. ಲೀ’ ಎರಡಕ್ಕೂ ಗಾಲಿ ಇದ್ದಿದ್ದು ಪಕ್ಕದಲ್ಲಿ. ಪ್ಲಾನ್ ಕೊಳ್ಳೋ ಮುಂಚೆ ಒಂದ್ಸಲ ಫೋಟೋ ನೋಡ್ಕೊಳಿ.

ಪ್ರಶ್ನೆ: ನನ್ನ ಮಾಡೆಲ್‌ಗೆ ಆರು ತಿಂಗಳು ಕಷ್ಟಪಟ್ಟೆ. ರೇಲಿಂಗ್, ಲೈಫ್‌ಬೋಟ್, ಕಿಟಕಿ ಎಲ್ಲಾ ಅದ್ಭುತವಾಗಿ ಬಂದಿದೆ. ನೀರಿಗೆ ಬಿಟ್ರೆ ಗಾಲಿ ಜೋರಾಗಿ ತಿರುಗಿ ನೀರು ಎರಚತ್ತೆ, ಹಡಗು ಮಾತ್ರ ಆಮೆ ಥರ ಹೋಗತ್ತೆ. ಮೋಟಾರ್ ದೊಡ್ಡದು ಹಾಕ್ಬೇಕಾ?

ಉತ್ತರ: ಬೇಡ, ಬೇಡ! ಬೇಜಾರಾಗ್ಬೇಡಿ, ಇದು ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು. ರೇಲಿಂಗ್ ಕೊನೇಗೆ, ಗಾಲಿ ಮೊದಲು. ಬರೀ ಹಲ್ ಮತ್ತೆ ಗಾಲಿ ಇಟ್ಕೊಂಡು, ಮೇಲಿನ ಭಾರದ ಬದಲು ಕಲ್ಲೋ ಸೀಸವೋ ಇಟ್ಟು ಟಬ್ಬಲ್ಲಿ ಓಡಿಸಿ ನೋಡಿ, ಆಮೇಲೆ ಉಳಿದಿದ್ದು.

ನಿಮ್ಮ ಗಾಲಿ ತುಂಬಾ ಆಳಕ್ಕೆ ಇಳಿದಿದೆ ಅನ್ಸತ್ತೆ. ಹಲಗೆ ತೀರಾ ಕೆಳಗೆ ಬಂದಾಗ ಅದರ ಮೇಲಂಚು ನೀರಿನ ಮಟ್ಟಕ್ಕಿಂತ ಚೂರು ಕೆಳಗಿದ್ರೆ ಸಾಕು. ಗಾಲಿ ಅರ್ಧಕ್ಕರ್ಧ ಮುಳುಗಿದ್ರೆ ಮುಂದಿನ ಹಲಗೆ ನೀರನ್ನ ಕೆಳಕ್ಕೆ ಒತ್ತತ್ತೆ, ಹಿಂದಿನದು ಮೇಲಕ್ಕೆ ಎತ್ತತ್ತೆ, ಹಡಗನ್ನ ತಳ್ಳೋದು ಮಧ್ಯದಲ್ಲಿರೋ ಒಂದೋ ಎರಡೋ ಅಷ್ಟೇ. ನನ್ನ ಮೊದಲನೇ ಮಾಡೆಲ್ಲೂ ಹೀಗೇ, ಗಾಲಿ ಎತ್ತಿದ ನೀರೆಲ್ಲಾ ಪ್ಯಾಡಲ್ ಬಾಕ್ಸ್ (ಗಾಲಿ ಮೇಲಿನ ಮುಚ್ಚಳ) ಒಳಗೆ ಬಡಿದು, ಶಾಫ್ಟ್ (ಗಾಲಿಯ ಅಚ್ಚು) ತೂತಿಂದ ಒಳಗೆ ಸೋರಿ, ಎರಡನೇ ಸುತ್ತು ಮುಗಿಯೋದ್ರಲ್ಲಿ ರಿಮೋಟ್ ಸಿಗ್ನಲ್ ಹಿಡಿಯೋ ರಿಸೀವರ್ ಢಮಾರ್. ಅವತ್ತಿಂದ ಶಾಫ್ಟ್ ಹೋಗೋ ಜಾಗಕ್ಕೆ ಟ್ಯೂಬ್ ಹಾಕಿ ಗ್ರೀಸ್ ತುಂಬಿಸ್ತೀನಿ.

ಇನ್ನು ನೀರು ಎರಚೋ ವಿಷಯ. ಅಂಗೈಯನ್ನ ಚಪ್ಪಟೆಯಾಗಿ ನೀರಿಗೆ ಬಡೀರಿ, ಆಮೇಲೆ ಬೆರಳ ತುದಿಯಿಂದ ನೆಟ್ಟಗೆ ಇಳಿಸಿ ನೋಡಿ, ಎರಡನೇ ಸಲ ಸದ್ದೇ ಇರಲ್ಲ. ಫೆದರಿಂಗ್ ವೀಲ್ ಅಂದ್ರೆ ಇಷ್ಟೇ. ಶಾಫ್ಟಿಗಿಂತ ಸ್ವಲ್ಪ ಮುಂದಕ್ಕೆ ಸರಿಸಿ ಇನ್ನೊಂದು ಕೇಂದ್ರ, ಅಲ್ಲಿಂದ ಪ್ರತಿ ಹಲಗೆಗೂ ಒಂದೊಂದು ಕಡ್ಡಿ, ಹಾಗಾಗಿ ಹಲಗೆ ನೀರಿಗೆ ಹೋಗುವಾಗ್ಲೂ ಬರುವಾಗ್ಲೂ ಹೆಚ್ಚುಕಮ್ಮಿ ನೆಟ್ಟಗೇ ಇರತ್ತೆ. ‘ವೇವರ್ಲಿ’ಗೆ ಇರೋದು ಇಂಥದ್ದೇ. 1:48 ಸ್ಕೇಲಲ್ಲಿ (ನಿಜವಾದ ಹಡಗಿನ 48ನೇ ಒಂದು ಭಾಗದ ಅಳತೆ) ಹಿತ್ತಾಳೆ ತಗಡಲ್ಲಿ ಮಾಡ್ಬಹುದು, ಆದ್ರೆ ಕಡ್ಡಿಗಳ ಉದ್ದದಲ್ಲಿ ಕೂದಲೆಳೆ ವ್ಯತ್ಯಾಸ ಬಂದ್ರೂ ಗಾಲಿ ಒಂದೇ ಜಾಗದಲ್ಲಿ ಕಚ್ಕೊಳತ್ತೆ, ಅದಕ್ಕೆ ಒಂದು ಹಲಗೆ ಮೇಲೆ ಎರಡು ಮೊಳೆ ಹೊಡೆದು, ಎಲ್ಲಾ ಕಡ್ಡಿಗಳನ್ನೂ ಅದೇ ಮೊಳೆಗಳ ಮೇಲಿಟ್ಟು ಬೆಸುಗೆ ಹಾಕಿ. 1:96ರಲ್ಲಿ ನಾನಂತೂ ಆ ಸಾಹಸಕ್ಕೆ ಹೋಗಲ್ಲ.

ಪ್ರಶ್ನೆ: ಪಕ್ಕದ ಎರಡು ಗಾಲಿಗೂ ಬೇರೆ ಬೇರೆ ಮೋಟಾರ್ ಹಾಕಿದ್ರೆ ಚೆನ್ನಾಗಿ ತಿರುಗತ್ತೆ ಅಂತಾರೆ. ಹಾಕ್ಬಹುದಾ?

ಉತ್ತರ: ತಿರುಗತ್ತೆ, ನಿಂತಲ್ಲೇ ಬುಗುರಿ ಥರ. ಆದ್ರೆ ‘ವೇವರ್ಲಿ’ ಹಾಗೆ ತಿರುಗಲ್ಲ, ಅದರ ಎರಡೂ ಗಾಲಿ ಒಂದೇ ಶಾಫ್ಟಲ್ಲಿವೆ, ತಿರುಗಿಸೋಕೆ ಚುಕ್ಕಾಣಿನೇ ಗತಿ. ನೋಡೋರಿಗೆ ಗೊತ್ತಾಗಲ್ಲ ಬಿಡಿ, ಅದು ನಿಮಗೂ ನಿಮ್ಮ ಮನಸ್ಸಾಕ್ಷಿಗೂ ಬಿಟ್ಟಿದ್ದು. ಅದಕ್ಕಿಂತ ಮುಖ್ಯ ಹಡಗು ವಾಲಬಾರ್ದು. ವಾಲಿದ್ರೆ ಒಂದು ಗಾಲಿ ಆಳಕ್ಕೆ ಹೋಗತ್ತೆ, ಇನ್ನೊಂದು ಗಾಳಿಯಲ್ಲಿ ತಿರುಗತ್ತೆ, ನೀವು ಎಲ್ಲಿ ತಿರುಗಿಸಿದ್ರೂ ಅದು ತನ್ನಿಷ್ಟಕ್ಕೆ ಹೋಗತ್ತೆ. ಮೇಲಿನ ಡೆಕ್ ತೆಳು ಪ್ಲೈ ಅಥವಾ ಕಾರ್ಡಲ್ಲಿ ಮಾಡಿ, ಸೀಸ ತಳದಲ್ಲಿ ಇಡಿ.

ಪ್ರಶ್ನೆ: ಎಷ್ಟು ಸ್ಪೀಡಲ್ಲಿ ಓಡಿಸಿದ್ರೆ ನಿಜ ಅನ್ಸತ್ತೆ?

ಉತ್ತರ: ನಿಜವಾದ ಹಡಗಿನ ವೇಗವನ್ನ ಸ್ಕೇಲಿನ ವರ್ಗಮೂಲದಿಂದ ಭಾಗಿಸಿ. 1:48 ಅಂದ್ರೆ ಸುಮಾರು 7, ಅಲ್ಲಿಗೆ 14 ನಾಟ್ (ಹಡಗಿನ ವೇಗದ ಅಳತೆ) ಹಡಗಿಗೆ 2 ನಾಟ್, ಅಂದ್ರೆ ಸೆಕೆಂಡಿಗೆ ಒಂದು ಮೀಟರ್. ಆಗ ಅಲೆಗಳ ಆಕಾರ ಸರಿಯಾಗಿ ಬರತ್ತೆ. ಗಾಲಿ ಮಾತ್ರ ಉಲ್ಟಾ, ನಿಜದಲ್ಲಿ ನಿಮಿಷಕ್ಕೆ 40 ಸುತ್ತಾದ್ರೆ ಮಾಡೆಲಲ್ಲಿ 280. ಸಣ್ಣ ಮೋಟಾರ್‌ಗಳು ಸಾವಿರಾರು ಸುತ್ತು ಹೊಡೆಯೋವು, ಗೇರ್‌ಬಾಕ್ಸ್ ಇಲ್ದೆ ಆಗಲ್ಲ. ತೂಕಕ್ಕೆ ಸ್ಕೇಲಿನ ಘನದಿಂದ ಭಾಗಿಸಿ: 500 ಟನ್ ಹಡಗು 1:48ರಲ್ಲಿ ನಾಲ್ಕೂವರೆ ಕೆಜಿ.

ಪ್ರಶ್ನೆ: ‘ಗ್ರೇಟ್ ಈಸ್ಟರ್ನ್’ ಯಾವ ಸ್ಕೇಲಲ್ಲಿ ಮಾಡ್ಲಿ?

ಉತ್ತರ: ಇಂಗ್ಲಿಷ್ ಎಂಜಿನಿಯರ್ ಬ್ರೂನೆಲ್ ಅವರ ಆ ದೈತ್ಯ 1858ರಲ್ಲಿ ನೀರಿಗಿಳಿದಾಗ 211 ಮೀಟರ್ ಉದ್ದ. 1:100ರಲ್ಲಿ ಮಾಡಿದ್ರೆ ಎರಡು ಮೀಟರ್ ದಾಟತ್ತೆ, ಮಂಚ ಹೊರಗೆ ಹಾಕ್ಬೇಕಾಗತ್ತೆ. 1:200 ಒಳ್ಳೇದು, 17 ಮೀಟರ್ ಗಾಲಿ ಎಂಟೂವರೆ ಸೆಂಟಿಮೀಟರ್‌ಗೆ ಇಳಿಯತ್ತೆ. ಅಂದಹಾಗೆ ಅದಕ್ಕೆ ಪಕ್ಕದಲ್ಲಿ ಗಾಲಿಗಳು, ಹಿಂದೆ ಪ್ರೊಪೆಲ್ಲರ್, ಮೇಲೆ ಆರು ಮಾಸ್ಟ್ (ಹಾಯಿಕಂಬ) ತುಂಬಾ ಹಗ್ಗ. ಮೊದಲನೇ ಪತ್ರ ಬರೆದವರು ದಯವಿಟ್ಟು ಈ ಉತ್ತರ ಓದ್ಬೇಡಿ.