ಹಿಪ್‌-ಹಾಪ್ ಗಾಯಕರು ಮೈತುಂಬ ಲೋಗೊ ಇರುವ ದುಬಾರಿ ಬಟ್ಟೆ ತೊಡುವುದೇಕೆ? ಅದು ಬರಿಯ ಶೋಕಿಯೇ?

ಶೋಕಿ ಅದರಲ್ಲಿ ಖಂಡಿತ ಇದೆ. ಆದರೂ ‘ಬರಿಯ ಶೋಕಿಯೇ’ ಎಂದು ನೀವು ಕೇಳಿರುವುದಕ್ಕೆ ಅಲ್ಲವೆಂದೇ ಹೇಳುತ್ತೇನೆ. ಈ ಉಡುಗೆಗೆ ರೂಪ ಬಂದದ್ದು ನ್ಯೂಯಾರ್ಕಿನಲ್ಲಿ ಕರಿಯರೇ ಹೆಚ್ಚಾಗಿ ವಾಸಿಸುತ್ತಿದ್ದ ಬಡಾವಣೆಯಾದ ಹಾರ್ಲೆಮ್‌ನ 125ನೆಯ ಬೀದಿಯಲ್ಲಿ, ಡ್ಯಾಪರ್ ಡ್ಯಾನ್ ಎಂದು ಹೆಸರಾದ ಡೇನಿಯಲ್ ಡೇ ಅವರು 1982ರಲ್ಲಿ ತೆರೆದ ಅಂಗಡಿಯಲ್ಲಿ.

ಡ್ಯಾನ್ ಮೊದಮೊದಲು ಇಟಲಿಯ ದುಬಾರಿ ಫ್ಯಾಷನ್ ಕಂಪನಿ ಗುಚ್ಚಿಯ, ಉಡುಪು ಒಯ್ಯಲು ಬಳಸುವ ಚೀಲಗಳನ್ನು ಕೊಂಡು, ಕತ್ತರಿಸಿ, ಲೋಗೊ ಇರುವ ತುಂಡುಗಳನ್ನು ಉಡುಪುಗಳಿಗೆ ಸೇರಿಸುತ್ತಿದ್ದರು. ಅದು ಸಾಲದೆ ಹೋದಾಗ ಚರ್ಮದ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವುದನ್ನು ತಾವೇ ಕಲಿತು, ಇಡೀ ಜಾಕೆಟ್ಟನ್ನೇ ಲೋಗೊಗಳಿಂದ ತುಂಬಿದರು. ಸೆನೆಗಲ್‌ನಿಂದ ಬಂದ ದರ್ಜಿಗಳು ಅಲ್ಲಿ ಹೊಲಿಯುತ್ತಿದ್ದರು. ಅಂಗಡಿ ರಾತ್ರಿಯಿಡೀ ತೆರೆದಿರುತ್ತಿತ್ತು. 1987ರಲ್ಲಿ ಹಿಪ್-ಹಾಪ್ ಜೋಡಿ ಎರಿಕ್ ಬಿ ಮತ್ತು ರಕೀಮ್ ತಮ್ಮ ಮೊದಲ ಆಲ್ಬಮ್ಮಿನ ಮುಖಪುಟದಲ್ಲಿ ತೊಟ್ಟದ್ದು ಇವರ ಜಾಕೆಟ್ಟುಗಳನ್ನೇ.

ಇವನ್ನು ನಕಲಿ ಮಾಲು ಎನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಡ್ಯಾನ್ ಯಾರ ಮುದ್ರೆಯನ್ನೂ ಬಳಸುತ್ತಿದ್ದರೋ ಆ ಲೂಯಿ ವಿಟಾನ್ ಆಗ ಮುಖ್ಯವಾಗಿ ಪೆಟ್ಟಿಗೆ, ಬ್ಯಾಗುಗಳ ಕಂಪನಿಯಾಗಿತ್ತು. ಅದರ ಸಿದ್ಧ ಉಡುಪುಗಳು ಬಂದದ್ದು 1998ರಲ್ಲಿ. ಅಂದರೆ ಹಾರ್ಲೆಮ್‌ನಲ್ಲಿ ಆ ಮುದ್ರೆ ಹೊತ್ತು ತಯಾರಾದ ಜಾಕೆಟ್ಟುಗಳಿಗೆ ಅಸಲಿ ಎಂಬುದೇ ಇರಲಿಲ್ಲ. ದುಬಾರಿ ಮಳಿಗೆಗಳು ಕರಿಯ ಯುವಕರನ್ನು ಗಿರಾಕಿಗಳೆಂದೇ ಎಣಿಸದಿದ್ದ ಕಾಲದಲ್ಲಿ, ಆ ಮಳಿಗೆಗಳ ಮುದ್ರೆಯನ್ನು ಅವುಗಳ ಅಪ್ಪಣೆಗೆ ಕಾಯದೆ, ಅವು ಊಹಿಸಿಯೂ ಇರದಷ್ಟು ದೊಡ್ಡದಾಗಿ ಎದೆಯ ಮೇಲೆ ತೊಡುವುದೆಂದರೆ, ಸಿರಿತನದ ಗುರುತು ಯಾರ ಸೊತ್ತೆಂದು ಎಲ್ಲರೆದುರು ಕೇಳಿದಂತೆಯೇ ಆಗಿತ್ತು.

ಟ್ರೇಡ್‌ಮಾರ್ಕ್ ಕಾನೂನು ಕಂಪನಿಗಳ ಪರವಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಸೋನಿಯಾ ಸೊಟೊಮೇಯರ್ ಆಗ, ತನ್ನ ಮುದ್ರೆ ಬಳಸಿದ್ದಕ್ಕೆ ಡ್ಯಾನ್ ವಿರುದ್ಧ ನಿಂತಿದ್ದ ಫೆಂಡಿ ಎಂಬ ಫ್ಯಾಷನ್ ಕಂಪನಿಯ ವಕೀಲರಲ್ಲೊಬ್ಬರು. ದಾಳಿ, ಮೊಕದ್ದಮೆಗಳ ನಂತರ 1992ರಲ್ಲಿ ಅಂಗಡಿ ಮುಚ್ಚಿತು.

ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಕಥೆ. ಒಲಿಂಪಿಕ್ ಚಿನ್ನ ಗೆದ್ದಿದ್ದ ಓಟಗಾರ್ತಿ ಡಯೇನ್ ಡಿಕ್ಸನ್ ಅವರಿಗಾಗಿ ಡ್ಯಾನ್ 1980ರ ದಶಕದಲ್ಲಿ ಒಂದು ತುಪ್ಪಳದ ಜಾಕೆಟ್ಟು ಮಾಡಿದ್ದರು. ಬಲೂನಿನಂತೆ ಉಬ್ಬಿದ ಅದರ ತೋಳುಗಳ ತುಂಬ ಲೂಯಿ ವಿಟಾನ್ ಮುದ್ರೆಯಿತ್ತು. 2017ರಲ್ಲಿ ಗುಚ್ಚಿ, ಮುದ್ರೆಯೊಂದನ್ನು ಬದಲಿಸಿ, ಹೆಚ್ಚುಕಡಿಮೆ ಅದೇ ಜಾಕೆಟ್ಟನ್ನು ತನ್ನ ಫ್ಯಾಷನ್ ಪ್ರದರ್ಶನದಲ್ಲಿ ತೋರಿಸಿತು. ಡಿಕ್ಸನ್ ತಮ್ಮ ಹಳೆಯ ಫೋಟೋವನ್ನು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದರು, ಜನ ಸಿಟ್ಟಾದರು. ಗುಚ್ಚಿ ಅದು ಡ್ಯಾನ್ ಅವರಿಗೆ ಸಲ್ಲಿಸಿದ ಗೌರವ ಎಂದಿತು. 2018ರಲ್ಲಿ ಗುಚ್ಚಿಯ ಸಹಯೋಗದಲ್ಲೇ ಡ್ಯಾನ್ ಹಾರ್ಲೆಮ್‌ನಲ್ಲಿ ಮತ್ತೆ ಹೊಲಿಗೆ ಆರಂಭಿಸಿದರು. ಅವರಿಗೆ ನ್ಯಾಯ ದಕ್ಕಿದ್ದು ನನಗೆ ನಿಜಕ್ಕೂ ಸಂತೋಷದ ವಿಷಯ. ಆದರೆ ಬೀದಿಯ ದರ್ಜಿ ಮಾಡಿದರೆ ಕಳವು, ಕಂಪನಿ ಮಾಡಿದರೆ ಗೌರವ ಎಂಬ ಆ ಭೇದವನ್ನು ಮಾತ್ರ ನಾನು ಒಪ್ಪಲಾರೆ.