ಹಳೆಯ ಆರ್‌ಎಕ್ಸ್ 100 ಅನ್ನು ರೇಸ್‌ಗೆ ಸಿದ್ಧಪಡಿಸುವುದು: ಎಲ್ಲಿಂದ ಆರಂಭಿಸಬೇಕು?

ನೀವು ಕೇಳಿದ್ದು ಎರಡು ಪ್ರಶ್ನೆ. ಅಪ್ಪ ಓಡಿಸುತ್ತಿದ್ದ ಯಮಹಾ ಆರ್‌ಎಕ್ಸ್ 100 ಮನೆಯಲ್ಲಿದೆ, ಅದನ್ನು ಸ್ವಂತ ಕೈಯಿಂದ ರೇಸ್‌ಗೆ ಸಿದ್ಧಪಡಿಸಲು ಎಲ್ಲಿಂದ ಆರಂಭಿಸಬೇಕು ಎಂಬುದು ಒಂದು. ಈ ಹುಚ್ಚನ್ನು ಬದುಕಿಡೀ ಹಚ್ಚಿಕೊಂಡವರಿಗೆ ಕೊನೆಗೆ ಏನು ಸಿಕ್ಕಿತು ಎಂಬುದು ಇನ್ನೊಂದು.

ಎರಡನೆಯದಕ್ಕೆ ಉತ್ತರ ಚಿಕ್ಕದು. ಎರಡು ಕಪ್, ಬಲಗಾಲಿನಲ್ಲಿ ಒಂದು ಸ್ಟೀಲ್ ಪಟ್ಟಿ, ಸಂಬಳ ಬಂದ ವಾರದಲ್ಲೇ ಕರಗಿಹೋಗುತ್ತಿದ್ದ ಕೆಲವು ತಿಂಗಳುಗಳ ನೆನಪು. ಆ ಕೊನೆಯದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾಳೆ.

ಮೊದಲನೆಯದಕ್ಕೆ ಉತ್ತರ ಉದ್ದ. ಅದಕ್ಕೂ ಮುನ್ನ ಒಂದು ಮಾತು: ಅಪ್ಪನ ಗಾಡಿಯ ಸಿಲಿಂಡರಿಗೆ ಅರ ಮುಟ್ಟಿಸಬೇಡಿ. ಆರ್‌ಎಕ್ಸ್ 100 ತಯಾರಿ 1996ರಲ್ಲೇ ನಿಂತಿತು. ಅದರ ಅಸಲಿ ಸಿಲಿಂಡರನ್ನು ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡಿ. ಪ್ರಯೋಗಕ್ಕೆ ಗುಜರಿಯಿಂದ ಬೇರೊಂದನ್ನು ತನ್ನಿ. ಅರ ಮುಟ್ಟಿಸಿದ ಮೊದಲ ಸಿಲಿಂಡರನ್ನು ಹಾಳು ಮಾಡಿಯೇ ಮಾಡುತ್ತೀರಿ. ನಾನೂ ಮಾಡಿದ್ದೇನೆ.

ನಾನು ಮೈಸೂರಿನವನು. ನಮ್ಮ ಊರಿನಲ್ಲಿ ಮೋಟಾರ್ ಸೈಕಲ್ ಎಂದರೆ ಜಾವಾ. 1961ರಿಂದ ಐಡಿಯಲ್ ಜಾವಾ ಕಾರ್ಖಾನೆ ಅದನ್ನು ಇಲ್ಲೇ ತಯಾರಿಸುತ್ತಿತ್ತು. ನಂತರ ಅದೇ ಯೆಜ್ಡಿ ಆಯಿತು. ಅಪ್ಪನ ಜಾವಾದಲ್ಲಿ ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಇಳಿಸಿದರೆ ಗೇರ್. ಈ ಜಾಣತನ ಹೊಳೆದವರು ಯಾರು, ಒಳಗೆ ಅದು ಹೇಗೆ ಕೂತಿದೆ ಎಂದು ತಿಳಿಯುವ ಆಸೆಯಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪ ಊರಿನಲ್ಲಿಲ್ಲದ ದಿನ ಕವರ್ ಬಿಚ್ಚಿದೆ. ಬಿಚ್ಚುವುದು ಬಂತು, ಮುಚ್ಚುವುದು ಬರಲಿಲ್ಲ. ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೇಸ್ತ್ರಿ ಬಂದು ಜೋಡಿಸಿಕೊಟ್ಟರು. ಅಪ್ಪನಿಗೆ ಹೇಳಲಿಲ್ಲ, ನನ್ನಿಂದ ದುಡ್ಡೂ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ತಿಂಗಳು ಸಂಜೆ ಬಂದು ಪಾರ್ಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದುಕೊಡು ಎಂದರು. ಆ ಒಂದು ತಿಂಗಳು ಒಂಬತ್ತು ವರ್ಷವಾಯಿತು.

ಸಿಲಿಂಡರಿನ ಕೆಲಸ ಕಲಿತದ್ದು ಅವರ ಅಂಗಡಿಯಲ್ಲಿ. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆ ಹೊರಹೋಗುವ ಕಿಂಡಿಗೆ ವಾಲ್ವ್ ಇಲ್ಲ, ಪಿಸ್ಟನ್ನೇ ಬಾಗಿಲು. ಆ ಕಿಂಡಿಯ ಮೇಲಂಚನ್ನು ಎಷ್ಟು ಎತ್ತರಿಸುತ್ತೀರೋ ಅಷ್ಟು ಬೇಗ ಬಾಗಿಲು ತೆರೆಯುತ್ತದೆ, ಶಕ್ತಿ ಅಷ್ಟು ಮೇಲಿನ ಆರ್‌ಪಿಎಮ್‌ಗೆ ಸರಿಯುತ್ತದೆ. ಆರ್‌ಎಕ್ಸ್ 100ರಲ್ಲಿ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, ಅದೂ 50 ಮಿಲಿಮೀಟರ್. ಅಂಚನ್ನು ಒಂದೇ ಒಂದು ಮಿಲಿಮೀಟರ್ ಎತ್ತರಿಸಿದರೆ ಕಿಂಡಿ ತೆರೆದಿರುವ ಅವಧಿ, ಪಿಸ್ಟನ್ನಿನ ಚಲನೆಯಿಂದ ತಿರುಗುವ ಕ್ರ್ಯಾಂಕಿನ ಲೆಕ್ಕದಲ್ಲಿ, ನಾಲ್ಕೈದು ಡಿಗ್ರಿ ಹೆಚ್ಚುತ್ತದೆ. ಡಿಗ್ರಿ ಅಳೆಯಲು ನನ್ನ ಬಳಿ ಇದ್ದದ್ದು ತಂಗಿಯ ಕಂಪಾಸ್ ಪೆಟ್ಟಿಗೆಯ ಎರಡು ಕೋನಮಾಪಕಗಳು. ಅವನ್ನು ಬೆನ್ನಿಗೆ ಬೆನ್ನು ಅಂಟಿಸಿ, ಕ್ರ್ಯಾಂಕಿನ ತುದಿಗೆ ಸಿಕ್ಕಿಸಿ, ಸೈಕಲ್ ಕಡ್ಡಿಯೊಂದನ್ನು ಬಗ್ಗಿಸಿ ಮುಳ್ಳು ಮಾಡಿಕೊಂಡಿದ್ದೆ.

ಮೇಸ್ತ್ರಿ ಹೇಳಿಕೊಟ್ಟದ್ದು ಹೀಗೆ: ಅರದಿಂದ ಹತ್ತು ಸಲ ಉಜ್ಜು, ಅಳೆ, ಚಹಾ ಕುಡಿ. ಮತ್ತೆ ಹತ್ತು ಸಲ. ಚಹಾ ಏಕೆ ಎಂದು ಕೇಳಿದೆ. "ಕೈಗೆ ಅವಸರ ಹತ್ತಿರುತ್ತದೆ ತಮ್ಮಾ, ಅದು ಇಳಿಯಬೇಕು" ಎಂದರು. ನಾನು ಒಂದು ಸಂಜೆ ಚಹಾ ಬಿಟ್ಟೆ. ಕಿಂಡಿ ಬೇಕಾದದ್ದಕ್ಕಿಂತ ಎರಡು ಮಿಲಿಮೀಟರ್ ಮೇಲೆ ಹೋಗಿತ್ತು. ತೆಗೆದ ಲೋಹವನ್ನು ಮತ್ತೆ ಸೇರಿಸುವ ಅರ ಇನ್ನೂ ಹುಟ್ಟಿಲ್ಲ. ಆ ಗಾಡಿ ನಡುವಿನ ವೇಗದಲ್ಲಿ ಎತ್ತಿನಗಾಡಿಯಂತೆ ತೆವಳಿ, ಮೇಲೆ ಹೋದಾಗ ಮಾತ್ರ ಒಮ್ಮೆಲೇ ಕಚ್ಚಿಕೊಂಡು ಎಗರುತ್ತಿತ್ತು. ಮಣ್ಣಿನ ಓಟದಲ್ಲಿ ತಿರುವಿನ ನಡುವೆಯೇ ಹಾಗೆ ಎಗರಿತು. ಕಾಲಿನ ಪಟ್ಟಿಯ ಕಥೆ ಅಷ್ಟೇ.

ಸಿಲಿಂಡರ್ ಆದ ಮೇಲೆ ಎಕ್ಸ್‌ಪಾನ್ಷನ್ ಚೇಂಬರ್, ಅಂದರೆ ಟು-ಸ್ಟ್ರೋಕ್ ರೇಸ್ ಗಾಡಿಯ ಹೊಗೆ ಕೊಳವೆ. ಅದು ಬರೀ ಸದ್ದು ಮಾಡುವ ಸೈಲೆನ್ಸರ್ ಅಲ್ಲ. ಹೊಟ್ಟೆ ಉಬ್ಬಿದ ಆ ಕೊಳವೆಯಲ್ಲಿ ಹಿಗ್ಗುವ ಭಾಗ ಸಿಲಿಂಡರಿನಿಂದ ಹೊಗೆಯನ್ನು ಸೆಳೆಯುತ್ತದೆ. ಕುಗ್ಗುವ ಭಾಗ ಒತ್ತಡದ ಅಲೆಯನ್ನು ಹಿಂದಿರುಗಿಸಿ, ಹೊಗೆಯ ಜೊತೆ ಹೊರನುಗ್ಗಿದ ಹಸಿ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಒಳಕ್ಕೆ ದೂಡುತ್ತದೆ. ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್ ಸೈಕಲ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಇದನ್ನು ಪಳಗಿಸಿ, 1961ರ ಹೊತ್ತಿಗೆ 125 ಸಿಸಿ ಇಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದಿದ್ದರು. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿನಿಂದ ಪಶ್ಚಿಮಕ್ಕೆ ಪರಾರಿಯಾಗಿ, ಈ ವಿದ್ಯೆಯನ್ನು ಸುಜುಕಿಗೆ ಒಪ್ಪಿಸಿದ. ಮರುವರ್ಷ ಸುಜುಕಿ ಮೇಲೆ ಕೂತು 50 ಸಿಸಿ ವಿಶ್ವ ಚಾಂಪಿಯನ್ ಆದ. ಉಂಡ ಮನೆಗೆ ಎರಡು ಬಗೆದ ಎಂದು ನಾನು ಅವನನ್ನು ಬಹಳ ವರ್ಷ ಬೈದುಕೊಂಡಿದ್ದೇನೆ. ಆದರೆ ಅವನು ಓಡದಿದ್ದರೆ ಮೈಸೂರಿನ ಹುಡುಗನ ಕೈಗೆ ಈ ಲೆಕ್ಕ ಎಂದು ಸಿಗುತ್ತಿತ್ತೋ!

ನನ್ನ ಮೊದಲ ಚೇಂಬರಿನ ನಕ್ಷೆ ಮದುವೆ ಕರೆಯೋಲೆಗಳದ್ದು. ಶಂಕುವಿನ ಆಕಾರವನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಸುರುಳಿ ಸುತ್ತಿ ನೋಡಬೇಕು, ಆಮೇಲೆ ತಗಡು. ಕರೆಯೋಲೆಯ ದಪ್ಪ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಸೋದರಮಾವನ ಮಗಳ ಮದುವೆಗೆ ಹಂಚಲು ಕೊಟ್ಟ ಕಟ್ಟಿನಲ್ಲಿ ಹನ್ನೆರಡು ಕಡಿಮೆ ಬಿದ್ದವು. "ಯಾರ್ಯಾರನ್ನು ಕರೆಯಲಿಲ್ಲವೋ ಮಹಾರಾಯ" ಎಂದು ಅಮ್ಮ ಮದುವೆ ಮುಗಿಯುವವರೆಗೂ ಕೇಳುತ್ತಲೇ ಇದ್ದರು.

ಎಂಬತ್ತರ ದಶಕದಲ್ಲಿ ಮದ್ರಾಸಿನಾಚೆಯ ಶೋಲಾವರಂಗೆ ರೇಸ್ ನೋಡಲು ಹೋಗುತ್ತಿದ್ದೆವು. ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿ ಅದು. ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿಲೋಮೀಟರಿನ ಹೊಸ ಟ್ರ್ಯಾಕ್ ಬಂದ ಮೇಲೆ ನಾನೇ ಗಾಡಿ ಹೊತ್ತುಕೊಂಡು ಹೋದೆ. ನಿಮಗೆ ಹೇಳಲೇಬೇಕಾದದ್ದು ಈ ಪ್ರಯಾಣದ ವಿಷಯ.

ಮೈಸೂರಿನಲ್ಲಿ ಗಾಡಿಯನ್ನು ಕೂದಲೆಳೆಯಷ್ಟು ಸರಿಮಾಡಿಕೊಂಡಿದ್ದೆ. ಪ್ಲಗ್ಗಿನ ಬಣ್ಣ ತಿಳಿಕಂದು, ಹಾಲು ತುಸು ಹೆಚ್ಚಾದ ಕಾಫಿಯಂತೆ. ಗಾಳಿ-ಪೆಟ್ರೋಲ್ ಮಿಶ್ರಣ ಸರಿಯಿದೆ ಎನ್ನುವ ಬಣ್ಣ ಅದು. ಟೆಂಪೊದಲ್ಲಿ ಹೇರಿಕೊಂಡು ರಾತ್ರಿಯಿಡೀ ಪ್ರಯಾಣ ಮಾಡಿ, ಬೆಳಿಗ್ಗೆ ನೇರ ಟ್ರ್ಯಾಕಿಗೆ ಇಳಿಸಿದೆ. ಮೂರನೇ ಸುತ್ತಿನಲ್ಲಿ ಗಾಡಿ ಎಂದೂ ಓಡದಷ್ಟು ಚೆನ್ನಾಗಿ ಓಡಿತು. ಸದ್ದು ತೆಳ್ಳಗಾಗಿ, ಕಂಚಿನ ಬಟ್ಟಲು ಬಾರಿಸಿದಂತೆ ಕೇಳತೊಡಗಿತು. ನಾನು ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆ. ಉದ್ದನೆಯ ನೇರ ದಾರಿಯ ಕೊನೆಯಲ್ಲಿ ಹಿಂದಿನ ಚಕ್ರ ಕಿರುಚಿಕೊಂಡು ನಿಂತೇಹೋಯಿತು. ಕ್ಲಚ್ ಮೇಲೆ ಎರಡು ಬೆರಳು ಇಟ್ಟಿದ್ದರಿಂದ ಬದುಕಿದೆ.

ಹೆಡ್ ಬಿಚ್ಚಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ಕಿರುಬೆರಳು ತೂರುವಷ್ಟು ತೂತು. ಪ್ಲಗ್ ಸುಣ್ಣದಂತೆ ಬೆಳ್ಳಗಿತ್ತು. ಕಾರಣ ಸರಳ: ಮೈಸೂರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಮೇಲೆ. ಚೆನ್ನೈನ ಬಳಿ ಗಾಳಿ ಹೆಚ್ಚು ದಟ್ಟ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗವೇ ಜೆಟ್. ಅದೇ ಜೆಟ್ಟಿನಲ್ಲಿ ಬರುವ ಪೆಟ್ರೋಲ್ ಆ ಗಾಳಿಗೆ ಸಾಲದು. ಮಿಶ್ರಣ ಬಡವಾಗಿ, ಬಿಸಿ ಏರಿ, ಅಲ್ಯೂಮಿನಿಯಂ ಕರಗುತ್ತದೆ. ಕರಗುವ ಸ್ವಲ್ಪ ಮುಂಚೆ ಇಂಜಿನ್ ತನ್ನ ಅತ್ಯುತ್ತಮ ಓಟ ಓಡುತ್ತದೆ. ಆರುವ ದೀಪಕ್ಕೆ ಬೆಳಕು ಹೆಚ್ಚು ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ, ಆದರೆ ಕಾರ್ಬ್ಯುರೇಟರಿಗೂ ಅನ್ವಯಿಸುತ್ತದೆ ಎಂದು ಗೊತ್ತಿರಲಿಲ್ಲ. ಜೇಬಿನಲ್ಲೇ ಎರಡು ದೊಡ್ಡ ಜೆಟ್‌ಗಳಿದ್ದವು. ಬದಲಿಸಲು ಹತ್ತು ನಿಮಿಷ ಸಾಕಿತ್ತು. ಅಂದು ಟ್ರ್ಯಾಕಿನ ಗೇಟಿನ ಹೊರಗೆ ಚಹಾದ ಅಂಗಡಿಯೂ ಇತ್ತು.

ಎರಡು ಕಪ್ ಬಂದದ್ದು ಆ ಪಿಸ್ಟನ್ ತೂತಾದ ಮೇಲೆ. ಎರಡೂ ಮೂರನೇ ಸ್ಥಾನದವು. ಬೇರೆಯವರು ಸುತ್ತು ಹೊಡೆಯುತ್ತಿದ್ದಾಗ ನಾನು ಪ್ಲಗ್ ಬಿಚ್ಚಿ ನೋಡುತ್ತ ಕೂರುತ್ತಿದ್ದೆ.

ಹಣದ ವಿಷಯ ಬರೆದು ನಿಮ್ಮ ಉತ್ಸಾಹ ಕುಗ್ಗಿಸಲಾರೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಲೇತ್ ಕೆಲಸ ನನ್ನ ಹೊಟ್ಟೆ ತುಂಬಿಸಿತು, ರೇಸ್ ಅಲ್ಲ. ಆದರೆ ರಸ್ತೆಯಲ್ಲಿ ಪರೀಕ್ಷೆ ಮಾಡಲೇಬೇಡಿ. ಈ ಒಂದು ವಿಷಯದಲ್ಲಿ ನಾನು ಮುಲಾಜಿಲ್ಲದ ಮುದುಕ. ದೇಶದ ಮೋಟಾರ್ ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಪರವಾನಗಿ ಪಡೆದು ಟ್ರ್ಯಾಕಿನಲ್ಲೇ ಓಡಿಸಿ.

ಸದ್ಯಕ್ಕೆ ಅರ, ತಗಡು, ವೆಲ್ಡಿಂಗ್ ಏನೂ ಬೇಡ. ಹೊಸ ಪ್ಲಗ್ ಹಾಕಿ, ಗಾಡಿಯನ್ನು ಖಾಲಿ ಬಯಲಿಗೆ ಒಯ್ದು ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಹಾಗೇ ಕ್ಲಚ್ ಹಿಡಿದು ಇಂಜಿನ್ ಆರಿಸಿ, ಉರುಳಿಕೊಂಡು ನಿಲ್ಲಿಸಿ. ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದು ಬಿಚ್ಚಿದರೆ ಪ್ಲಗ್ಗಿನ ಬಣ್ಣ ಸುಳ್ಳು ಹೇಳುತ್ತದೆ. ನಿಂತ ಜಾಗದಲ್ಲೇ ಬಿಚ್ಚಿ, ಬಿಸಿಲಿಗೆ ಹಿಡಿದು ನೋಡಿ. ನಿಮ್ಮ ಊರು ಯಾವುದು, ಬಣ್ಣ ಏನು ಬಂತು ಎಂದು ಬರೆಯಿರಿ. ಜೆಟ್ ನಂಬರಿನ ಮಾತು ಆಮೇಲೆ.