ಕೀಮೋ ನಡುವೆ ಮಗನ ಶುಗರ್ 280 ಬಂದಿದೆ, ಸ್ಟೀರಾಯ್ಡ್ ಕಡಿಮೆ ಮಾಡಿಸಬಹುದಾ?

ಏಳು ವರ್ಷದ ಮಗನಿಗೆ ಎಎಲ್ಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್, ಲುಕೇಮಿಯಾ), ಇಂಡಕ್ಷನ್ ಅಂದರೆ ಕೀಮೋದ ಮೊದಲ ಹಂತದ ಮೂರನೇ ವಾರ, ಶುಗರ್ 280, ಇದು ಜೀವನಪೂರ್ತಿ ಉಳಿಯುತ್ತಾ ಅಂತಲೂ ಕೇಳಿದ್ದೀರಿ. ನನ್ನ ಮಗಳಿಗೂ ಇದೇ ಹಂತದಲ್ಲಿ ಶುಗರ್ ಏರಿತ್ತು, ಹಾಗಾಗಿ ಬರೆಯುತ್ತಿದ್ದೇನೆ.

ಸ್ಟೀರಾಯ್ಡ್ ಕಡಿಮೆ ಮಾಡುವ ಯೋಚನೆ ಬಿಡಿ. ಲುಕೇಮಿಯಾ ಕಣಗಳನ್ನು ಕೊಲ್ಲುವ ಮುಖ್ಯ ಔಷಧಿಗಳಲ್ಲಿ ಅದೂ ಒಂದು. ಶುಗರ್‌ಗೆ ಇನ್ಸುಲಿನ್ ಇದೆ, ಆದರೆ ತಪ್ಪಿಹೋದ ಕೀಮೋಗೆ ಬದಲಿ ಇಲ್ಲ. ಇಲ್ಲಿ ಎರಡು ಔಷಧಿ ಒಟ್ಟಿಗೆ ಕೆಲಸ ಮಾಡುತ್ತಿವೆ: ಸ್ಟೀರಾಯ್ಡ್‌ನಿಂದ ಲಿವರ್ ಜಾಸ್ತಿ ಸಕ್ಕರೆ ಬಿಡುತ್ತದೆ, ದೇಹ ಇನ್ಸುಲಿನ್ ಮಾತು ಕೇಳುವುದಿಲ್ಲ, ಆಸ್ಪರಾಜಿನೇಸ್ ಅನ್ನುವ ಕೀಮೋ ಔಷಧಿಯಿಂದ ಇನ್ಸುಲಿನ್ ತಯಾರಾಗುವುದೇ ಕಡಿಮೆಯಾಗುತ್ತದೆ. ಸ್ಟೀರಾಯ್ಡ್ ನಿಂತ ಮೇಲೆ ಹೆಚ್ಚಿನ ಮಕ್ಕಳಲ್ಲಿ ಶುಗರ್ ತಾನಾಗಿ ಇಳಿಯುತ್ತದೆ. ಆಗ ಇನ್ಸುಲಿನ್ ಡೋಸ್ ಕೂಡ ಇಳಿಸಬೇಕು, ಇಲ್ಲದಿದ್ದರೆ ಶುಗರ್ ತೀರಾ ಕೆಳಗೆ ಹೋಗುತ್ತದೆ. ಇದನ್ನು ನೀವೇ ಡಾಕ್ಟರ್ ಹತ್ತಿರ ಮುಂಚೆ ಕೇಳಿಟ್ಟುಕೊಳ್ಳಿ.

ಖಾಲಿ ಹೊಟ್ಟೆಯ ರೀಡಿಂಗ್ ಒಂದನ್ನೇ ನಂಬಬೇಡಿ. ಸ್ಟೀರಾಯ್ಡ್‌ನಿಂದ ಬರುವ ಶುಗರ್ ಬೆಳಿಗ್ಗೆ ಚೆನ್ನಾಗೇ ಕಂಡು, ಊಟದ ನಂತರ, ಸಂಜೆ ಹೊತ್ತಿಗೆ ಏರುವುದು ಜಾಸ್ತಿ.

ಹಸಿವಿನ ವಿಷಯ, ಅಬ್ಬಾ! ರಾತ್ರಿ ಎದ್ದು ಊಟ ಕೇಳುತ್ತಾರೆ, ಕೊಡದಿದ್ದರೆ ರಂಪ. ಅದು ಔಷಧಿಯ ಹಸಿವು, ಹಠ ಅಲ್ಲ, ಸುಮ್ನೆ ಬೈದು ಪ್ರಯೋಜನವಿಲ್ಲ. ಮಗುವನ್ನು ಹಸಿವಿನಲ್ಲಿ ಇಡಬೇಡಿ. ಜ್ಯೂಸ್, ಸಿಹಿ ಪಾನೀಯ ಮೊದಲು ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ, ಪ್ರೋಟೀನ್ ಇರುವುದನ್ನು ಪದೇ ಪದೇ ಕೊಡಿ. ಊಟದ ಪಟ್ಟಿಯನ್ನು ನಿಮ್ಮ ಡಯಟಿಷಿಯನ್ ಹತ್ತಿರವೇ ಮಾಡಿಸಿ.

ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ: ಬೆನ್ನಿಗೆ ಹರಡುವ ಹೊಟ್ಟೆನೋವು, ನಿಲ್ಲದ ವಾಂತಿ, ವಿಪರೀತ ಬಾಯಾರಿಕೆ ಮತ್ತು ಮೂತ್ರ, ಮಂಪರು. ಆಸ್ಪರಾಜಿನೇಸ್‌ನಿಂದ ಪ್ಯಾಂಕ್ರಿಯಾಸ್ (ಇನ್ಸುಲಿನ್ ತಯಾರಿಸುವ ಗ್ರಂಥಿ) ಊದಿಕೊಂಡಾಗಲೂ ಶುಗರ್ ಏರುತ್ತದೆ, ಅದು ಬೇರೆಯದೇ ಅಪಾಯ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಕೂಡ ಸಾವಿರ ದಾಟಬಹುದು, ನಂಬರ್ ನೋಡಿ ಎದೆ ಧಸಕ್ಕೆನ್ನುತ್ತದೆ, ಆದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಡಾಕ್ಟರ್ ಗಮನದಲ್ಲಿದ್ದರೆ ಸಾಕು. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ಕೆಲವು ವಾರ ಜ್ವರ ಬಂದರೆ, ಇತ್ತೀಚೆಗಷ್ಟೇ ಸ್ಟೀರಾಯ್ಡ್ ನಿಂತಿದೆ ಅಂತ ಹೇಳುವುದನ್ನು ಮರೆಯಬೇಡಿ, ಆ ಹೊತ್ತಿಗೆ ದೇಹದ ಸ್ವಂತ ಸ್ಟೀರಾಯ್ಡ್ ಉತ್ಪಾದನೆ ಇನ್ನೂ ಚೇತರಿಸಿಕೊಂಡಿರುವುದಿಲ್ಲ.

ಮುಂದೆ ಮೇಂಟೆನೆನ್ಸ್‌ನಲ್ಲಿ, ಅಂದರೆ ಚಿಕಿತ್ಸೆಯ ಕೊನೆಯ ದೀರ್ಘ ಹಂತದಲ್ಲಿ, 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಅನ್ನುವ ಕೀಮೋ ಮಾತ್ರೆ ಶುರುವಾದಾಗ ಕಥೆ ಉಲ್ಟಾ: ರಾತ್ರಿಯಿಡೀ ಹೊಟ್ಟೆ ಖಾಲಿಯಿದ್ದು ಬೆಳಿಗ್ಗೆ ಕೆಲವು ಮಕ್ಕಳಿಗೆ ಶುಗರ್ ಕುಸಿಯುತ್ತದೆ, ಬೆವರು, ನಡುಕ, ಸುಸ್ತು. ಹಾಗೆ ಆದರೆ ಒಮ್ಮೆ ಚೆಕ್ ಮಾಡಿಸಿ, ಮಾತ್ರೆಯ ಹೊತ್ತು ಬದಲಿಸಬಹುದಾ ಅಂತ ಡಾಕ್ಟರನ್ನೇ ಕೇಳಿ.